ಲೈನ್ ಮಾಸ್ತರರು ಬಾಯಿ ಮುಚ್ಚಿಕೊಂಡ ದಿನ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದೆನೆಂದರೆ, ತೀರಿಹೋದ ಮನುಷ್ಯ ಎದ್ದು ಬಂದು ನನ್ನ ಎದುರು ಕುಳಿತು, ಆ ಹೆಸರು ಯಾವ ಭಾಷೆಯಿಂದ ಬಂತು, ಅದರ ತಾಯಿ ಯಾರು, ಅಜ್ಜಿ ಯಾರು ಎಂದು ಹೇಳತೊಡಗುತ್ತಾರೆ. ಅಷ್ಟು ಹೊತ್ತು ಕುಳಿತು ಕೇಳಲು ಈ ವಯಸ್ಸಿಗೆ ನನ್ನ ಸೊಂಟ ಒಪ್ಪುವುದಿಲ್ಲ. ಮನೆಗೊಂದು ಮಗ್ಗವಿದ್ದ ಬನಹಟ್ಟಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಊರೆಲ್ಲ ಅವರನ್ನು ಲೈನ್ ಮಾಸ್ತರ ಎನ್ನುತ್ತಿತ್ತು. ಕಂಬ ಹತ್ತುವ ಲೈನ್‌ಮನ್‌ಗೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಆದರೂ ಕರೆಂಟು ಹೋದಾಗ ಊರಿಗೆ ಹೊಸಬರು ಒಬ್ಬಿಬ್ಬರು ಅವರ ಬಾಗಿಲು ಬಡಿದದ್ದುಂಟು. ಹಾಗೆ ಬಡಿದವರು ಒಂದು ತಾಸಿನ ಮೇಲೆ ಹೊರಗೆ ಬಂದು, ಕರೆಂಟಿನ ಗೊಡವೆಯೇ ಬೇಡವೆಂದು ಮನೆಗೆ ಹೋಗಿ ಕಂದೀಲು ಹಚ್ಚಿಕೊಂಡರಂತೆ.

ಹತ್ತು ಸಾವಿರ ಶಬ್ದ ಅರ್ಧಂಬರ್ಧ ಕಲಿಯುವ ಬದಲು ಒಂದೇ ಶಬ್ದವನ್ನು ಪೂರಾ ಕಲಿತರೆ ಇಂಗ್ಲಿಷ್ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಆ ಒಂದು ಶಬ್ದ ‘ಲೈನ್’. ಯಾಕೆ ಅದನ್ನೇ ಹಿಡಿದಿರಿ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನನ್ನು ಪಾಪ ಎನ್ನುವ ಕಣ್ಣಿನಿಂದ ನೋಡಿದರು.

“ಬನಹಟ್ಟ್ಯಾಗ ಹುಟ್ಟಿದಾಂವ ಬ್ಯಾರೆ ಯಾವ ಶಬ್ದ ಹಿಡೀಲಿ, ನೀವಽ ಹೇಳ್ರಿ?”

ನಾನು ಅದೇ ಶಾಲೆಯಲ್ಲಿ ಗಣಿತದ ಮಾಸ್ತರ. ನನ್ನ ಪಾಲಿಗೆ ರೇಖೆಗೆ ಉದ್ದವಿದೆ, ಅಗಲವಿಲ್ಲ, ಮಾತು ಮುಗಿಯಿತು. ಅವರಿಗೆ ಮಾತ್ರ ಎಂದೂ ಮುಗಿಯುತ್ತಿರಲಿಲ್ಲ. ಶಾಲೆ ಶುರುವಾದ ಮೊದಲ ದಿನ ಎಂಟನೆಯ ಇಯತ್ತೆಯ ಹುಡುಗರ ಮುಂದೆ ಕರಿಹಲಗೆಯ ಮೇಲೆ ಖಡುವಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಹಲಗೆಯ ಅಂಚಿಗೆ ಬಂದರೂ ಕೈ ನಿಲ್ಲುತ್ತಿರಲಿಲ್ಲ. ಹಲಗೆ ಬಿಟ್ಟು ಗೋಡೆ, ಗೋಡೆ ಬಿಟ್ಟು ಬಾಗಿಲ ಚೌಕಟ್ಟು, ಅಲ್ಲಿಂದ ಪಡಸಾಲೆ. ನಾನು ಪಕ್ಕದ ಕೋಣೆಯಲ್ಲಿ ಪ್ರಮೇಯ ಹೇಳುತ್ತ ನಿಂತಿರುವಾಗ ಮೊದಲು ಖಡು, ಆಮೇಲೆ ಕೈ, ಆಮೇಲೆ ಲೈನ್ ಮಾಸ್ತರರು ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಅವರ ಹಿಂದೆ ನಲವತ್ತು ಹುಡುಗರ ಮೆರವಣಿಗೆ.

“ಪಾಠ ನಡದೈತ್ರಿ ಇಲ್ಲೆ!” ಎಂದು ನಾನು ಒದರಿದರೆ, “ನಡೀಲಿ ನಡೀಲಿ, ನಂದೂ ನಡದೈತಿ” ಎನ್ನುತ್ತ ನನ್ನ ತ್ರಿಕೋನದ ಹೊಟ್ಟೆಯನ್ನು ಸೀಳಿಕೊಂಡು ಆ ಬದಿಯ ಕಿಟಕಿಯವರೆಗೆ ಗೆರೆ ಒಯ್ಯುತ್ತಿದ್ದರು. “ಹುಡುಗೋರ, ಮುಗೀತೇನು?” ಎಂದು ಕೇಳುವರು. “ಮುಗೀಲಿಲ್ಲ ಸಾಽರ್!” ಎಂದು ನನ್ನ ಹುಡುಗರೂ ಸೇರಿ ಕೂಗುವರು. ನನ್ನ ಮೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಫಲಿತಾಂಶ ಬಂದಾಗ. ಗಣಿತದಲ್ಲಿ ನಪಾಸಾದ ಹುಡುಗರು ಇಂಗ್ಲಿಷಿನಲ್ಲಿ ಪಾಸಾಗಿರುತ್ತಿದ್ದರು. ಹೇಗೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಒಂದು ದಿನ ಊಟದ ಹೊತ್ತಿಗೆ ನಾನು ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತುತ್ತು ಬಾಯಿಗಿಡುವಷ್ಟರಲ್ಲಿ ಕೈ ಹಿಡಿದುಬಿಟ್ಟರು.

“ತಡೀರಿ. ಏನು ತಿನ್ನಾಕತ್ತೀರಿ, ಗೊತ್ತೈತೇನು?”

“ಅಗಸಿ ಹಿಂಡಿ.”

“ಅಲ್ರೀ ಮಾಸ್ತರ, ಲೈನ್ ತಿನ್ನಾಕತ್ತೀರಿ!”

ನಮ್ಮ ಕಡೆ ಜೋಳದ ಹೊಲದ ಬದುವಿಗೆ ಸಾಲು ಹಿಡಿದು ಬಿತ್ತುವ ಅಗಸಿ ಇದೆಯಲ್ಲ, ಅದರ ನಾರಿನಿಂದ ದೂರದ ರೋಮಿನವರು ದಾರ ಹೊಸೆಯುತ್ತಿದ್ದರಂತೆ. ಅವರ ಭಾಷೆಯಲ್ಲಿ ಆ ಗಿಡ ಲಿನಮ್, ಅದರ ದಾರ ಲಿನಿಯಾ. ಗೋಡೆ ಕಟ್ಟುವವನು ಆ ದಾರವನ್ನು ಬಿಗಿಯಾಗಿ ಹಿಡಿದು ನೇರ ನೋಡಿದ. ದಾರ ಹಿಡಿದಲ್ಲಿ ಒಬ್ಬ ಗೆರೆ ಎಳೆದ. ಗೆರೆಗೂ ದಾರದ ಹೆಸರೇ ಬಂತು. ಅದೇ ಇಂಗ್ಲಿಷರ ಬಾಯಲ್ಲಿ ಲೈನ್ ಆಯಿತು. ಅದೇ ನಾರಿನ ಬಟ್ಟೆ ಲಿನನ್. ಕೋಟಿನ ಒಳಗೆ ಆ ಬಟ್ಟೆ ಕೊಟ್ಟು ಹೊಲಿದರೆ ಲೈನಿಂಗ್. ಹೀಗೆ ಹೇಳುತ್ತ ಹೇಳುತ್ತ ನನ್ನ ಕೋಟಿನ ಒಳಮೈ ತಿರುವಿ ಎಲ್ಲ ಮಾಸ್ತರರಿಗೂ ತೋರಿಸಿದರು. ಅಲ್ಲಿ ಎರಡು ತೂತು ಇದ್ದವು. ರೊಟ್ಟಿ ಆರಿ ಹಪ್ಪಳವಾಗಿತ್ತು.

ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಲೈನೇ. ಪದ್ಯದ ಸಾಲು ಲೈನ್. ಸಿನಿಮಾ ಟಿಕೆಟ್ಟಿಗೆ ನಿಂತ ಪಾಳಿ ಲೈನ್. ಜಮಖಂಡಿಯ ಪೊಲೀಸರ ಮನೆಗಳ ಓಣಿ ಲೈನ್. ನಾಲ್ಕು ಮಾತಿನ ಕಾಗದ ಬರೆದರೂ ಇಂಗ್ಲಿಷಿನಲ್ಲಿ ಅದು ಒಂದು ಲೈನ್. ‘ನೀವು ಯಾವ ಲೈನಿನಾಗ ಅದೀರಿ’ ಎಂದು ಕೇಳಿದರೆ ಉದ್ಯೋಗ. ಹುಡುಗರು ಹುಡುಗಿಯರ ಹಿಂದೆ ಸೈಕಲ್ ಹೊಡೆಯುವುದೂ ಲೈನೇ ಎಂದು ಹತ್ತನೆಯ ಇಯತ್ತೆಯ ಒಬ್ಬ ಧೈರ್ಯವಂತ ಎದ್ದು ಹೇಳಿದಾಗ, ಬೇರೆ ಮಾಸ್ತರಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು. ಇವರು ಅವನ ಬೆನ್ನು ಚಪ್ಪರಿಸಿ ಅದನ್ನೂ ಹಲಗೆಯ ಮೇಲೆ ಬರೆದರು. ರೈಲಿನ ಲೈನು ಮಾತ್ರ ನಮ್ಮ ಸೀಮೆಗೆ ಬಂದಿರಲಿಲ್ಲ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಸಣ್ಣಗಾಗುತ್ತಿತ್ತು. ಒಮ್ಮೆ ನಾವಿಬ್ಬರೂ ಬಾಗಲಕೋಟೆಗೆ ಹೊರಟಾಗ ಅನಗವಾಡಿಯಲ್ಲಿ ಬಸ್ಸು ನಿಂತಿತು. ಹೊಳೆಯ ದಂಡೆಯಲ್ಲಿ ಒಬ್ಬ ಮುದುಕ ಗಾಳ ಹಾಕಿ ಕುಳಿತಿದ್ದ. ಗಾಳದ ದಾರವೂ ಲೈನೇ ಎಂದು ಅವನಿಗೆ ಹೇಳಿಬರುತ್ತೇನೆಂದು ಇವರು ಇಳಿದರು. ಬಸ್ಸು ಹೋಯಿತು. ನಾನೂ ಇಳಿದಿದ್ದೆ, ನನ್ನ ಬುದ್ಧಿಗೆ ಏನು ಹೇಳಲಿ. ಮುದುಕ ಎಲ್ಲವನ್ನೂ ಕೇಳಿ, “ಮೀನ ಓಡಿ ಹ್ವಾದುವು ಸಾಹೇಬ್ರ” ಎಂದ.

ಇಂಥ ಮನುಷ್ಯನಿಗೆ ಮದುವೆ ಆಗಿರಲಿಲ್ಲ. ಮೂವತ್ತನಾಲ್ಕು ದಾಟಿತ್ತು. ಮನೆಯಲ್ಲಿ ತಾಯಿ ಒಬ್ಬರೇ. ಸಾವಳಗಿಯ ಕಡೆಯ ಹೆಣ್ಣುಮಗಳು, ಎರಡೂ ಕಿವಿ ಪೂರಾ ಮಂದ. ಆ ಮನೆಯಲ್ಲಿ ಶಾಂತಿ ಇದ್ದದ್ದೇ ಆ ಕಾರಣಕ್ಕೆ ಎಂದು ನಾವು ನಗುತ್ತಿದ್ದೆವು. ಒಂದು ಸಂಜೆ ಶಾಲೆಯ ಪಾವಟಿಗೆಯ ಮೇಲೆ ಕುಳಿತು ಅವರು ತಾವಾಗಿ ಹೇಳಿದರು:

“ಸಾಲಿ ಬಿಟ್ಟ ಮ್ಯಾಲ ಭಾಳ ಬ್ಯಾಸರ ಆಗತೈತ್ರಿ ಮಾಸ್ತರ. ಗಂಟಿ ಆತಂದ್ರ ಹುಡುಗೋರು ಓಡ್ತಾವು. ನೀವು ಸೈಕಲ್ ಹತ್ತತೀರಿ. ಅವ್ವಗ ಕಿವಿ ಕೇಳಿಸೂದಿಲ್ಲ. ಗ್ವಾಡಿ ಮುಂದ ಕುಂತು ಮಾತಾಡ್ಲೇನು?”

ನನಗೆ ಬಹಳ ಕೆಟ್ಟದೆನಿಸಿತು. ಮರುದಿನ ಗಂಟೆಯಾದ ಕೂಡಲೇ ಸೈಕಲ್ ಹತ್ತಿದೆ, ಆ ಮಾತು ಬೇರೆ.

ಕನ್ಯೆ ಸಿಗದೆ ಇರಲಿಲ್ಲ. ಸರಕಾರದ ಪಗಾರ ಬರುವ ಮಾಸ್ತರ, ನೋಡಲು ಛಲೋ ಇದ್ದರು, ಚಟವಿಲ್ಲ. ಜಮಖಂಡಿಯಲ್ಲಿ ಒಂದು ಮನೆ ನೋಡಿದರು. ಕನ್ಯೆಯ ತಂದೆ ಸಹಜವಾಗಿ, “ನಿಮ್ಮ ಮನಿತನದಾವ್ರು ಮೊದಲಿನಿಂದ್ಲೂ ಇದಽ ಲೈನಿನಾಗ ಅದಾರೇನ್ರಿ?” ಎಂದು ಕೇಳಿಬಿಟ್ಟ. ಅವನ ಕರ್ಮ. ರೋಮು ಮುಟ್ಟುವಷ್ಟರಲ್ಲಿ ಕನ್ಯೆಯ ಅಜ್ಜ ಗೊರಕೆ ಹೊಡೆಯುತ್ತಿದ್ದ. ವಾರದ ಮೇಲೆ ಕಾಗದ ಬಂತು: ವರ ಬಹಳ ಶಾಣ್ಯಾ ಇದ್ದಾರೆ, ನಮಗೆ ಇಷ್ಟು ಶಾಣ್ಯಾ ಬೇಡ.

ಮುಧೋಳದಲ್ಲಿ ಊಟಕ್ಕೇ ಕೂರಿಸಿದ್ದರು. ಎಲೆಯ ತುದಿಗೆ ಅಗಸಿ ಹಿಂಡಿ ಬಿತ್ತು. ಇನ್ನು ಕೇಳಬೇಕೆ? ಅಗಸೆಯ ನಾರಿನ ಬಟ್ಟೆ ಎಷ್ಟು ಗಟ್ಟಿ ಎಂದು ತಿಳಿಸಲು ಹೋಗಿ, ಮಿಸರ ಎಂದರೆ ಈಜಿಪ್ಟ್ ದೇಶದಲ್ಲಿ ಸತ್ತ ರಾಜರ ಹೆಣಗಳನ್ನು ಅದರಲ್ಲಿ ಹೇಗೆ ಸುತ್ತುತ್ತಿದ್ದರು, ಕಾಲಿನಿಂದ ಸುತ್ತುತ್ತಿದ್ದರೋ ತಲೆಯಿಂದಲೋ ಎಂದು ಕೈಮಾಡಿ ತೋರಿಸಿದರು. ಶುಭಕಾರ್ಯದ ಊಟದಲ್ಲಿ ಹೆಣದ ಮಾತು! ಕನ್ಯೆಯ ತಾಯಿ ಬಡಿಸುವ ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮಜ್ಜಿಗೆ ಇಲ್ಲದೆ ಎದ್ದು ಬಂದರು.

ಬೀಳಗಿಯದನ್ನು ಹೇಳಲು ಈಗಲೂ ಸಂಕೋಚ. ಅಲ್ಲಿ ಯಾರೂ ಏನೂ ಕೇಳಿರಲಿಲ್ಲ. ಇವರೇ ಅಂಗಳದಲ್ಲಿ ಅರಿವೆ ಒಣಹಾಕಿದ ಹಗ್ಗ ಕಂಡು, “ಅದೂ ಒಂದು ಲೈನ್ ನೋಡ್ರಿ” ಎಂದು ಬೆರಳು ಮಾಡಿದರು. ಮನೆ ತುಂಬ ಕುಳಿತ ಬೀಗರು, ಹೆಂಗಸರು, ಕನ್ಯೆ, ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಹಗ್ಗದ ಮೇಲೆ ಕನ್ಯೆಯ ತಂದೆಯ ಪಟ್ಟೆಪಟ್ಟೆಯ ಚಡ್ಡಿ ಒಂದೇ ಹಾರಾಡುತ್ತಿತ್ತು.

ಹೀಗೆ ಮೂರು ಊರು ಮುಗಿದವು. ಸಂಬಂಧ ತರುತ್ತಿದ್ದ ಅವರ ಸೋದರಮಾವ ಕೈ ಮುಗಿದು, ನನ್ನ ಕೈಲಿ ಆಗುವುದಿಲ್ಲ ಎಂದುಬಿಟ್ಟ. ಕೊನೆಗೆ ರಬಕವಿಯಲ್ಲಿ ಒಂದು ನೇಕಾರರ ಮನೆಯವರು ತಾವೇ ಹೇಳಿ ಕಳಿಸಿದರು. ಆಗ ಅವರ ತಾಯಿ ನನ್ನ ಮನೆಗೆ ಬಂದರು. ಕಿವಿ ಕೇಳಿಸದವರು ಮಾತಾಡುವ ಹಾಗೆ ಓಣಿಗೆಲ್ಲ ಕೇಳುವಂತೆ ಮಾತಾಡಿದರು.

“ಯಪ್ಪಾ, ಇದಽ ಕಡೀದು. ಇದೂ ಹ್ವಾದ್ರ, ನಾ ಸತ್ತ ಮ್ಯಾಲ ಇವಗ ಒಂದು ತಂಬಿಗಿ ನೀರ ಕೊಡಾವ್ರು ಯಾರೂ ಇಲ್ಲ. ನೀ ಸಂಗಾಟ ಹೋಗು. ಅವನ ಬಾಯಿ ಹಿಡಿ. ಹೆಂಗರ ಹಿಡಿ!”

ಮುದುಕಿಯ ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿಕೊಂಡೆ. ಲೈನ್ ಮಾಸ್ತರರನ್ನು ಕೂರಿಸಿಕೊಂಡು ಆಣೆ ಹಾಕಿಸಿದೆ. ಕನ್ಯೆಯ ಮನೆಯ ಹೊಸ್ತಿಲು ದಾಟಿದಾಗಿನಿಂದ ಹೊರಬರುವ ತನಕ ಒಂದು ಅಕ್ಷರ ಆಡತಕ್ಕದ್ದಲ್ಲ. ಕೇಳಿದ್ದಕ್ಕೆಲ್ಲ ಉತ್ತರ ನನ್ನದು. ಬರೀ ಆಣೆಯ ಮೇಲೆ ನನಗೆ ಭರವಸೆ ಇರಲಿಲ್ಲ. ಪಾವು ಕಿಲೋ ಕಲ್ಲುಸಕ್ಕರೆ ಕೊಂಡು, ಅದರಲ್ಲಿ ದೊಡ್ಡ ದೊಡ್ಡ ಹರಳು ಆರಿಸಿ ಅವರ ಕಿಸೆಗೆ ಹಾಕಿದೆ. ಬಾಯಲ್ಲಿ ಹರಳು ಇರುವ ತನಕ ಮಾತು ಬರುವುದಿಲ್ಲ, ಒಂದು ಕರಗಿದರೆ ಇನ್ನೊಂದು. ಅವರು ಸಣ್ಣ ಮಗುವಿನ ಹಾಗೆ ತಲೆಯಾಡಿಸಿದರು. ಆ ಸಲ ಅವರಿಗೂ ಹೆದರಿಕೆ ಇತ್ತು.

ರಬಕವಿಗೆ ನಡೆದುಕೊಂಡೇ ಹೋದೆವು, ಮೂರೇ ಜನ: ಅವರು, ಅವರ ತಾಯಿ, ನಾನು. ಮನೆಯ ಮುಂದಿನ ಕೋಣೆಯಲ್ಲೇ ನೆಲದಲ್ಲಿ ತಗ್ಗು ತೋಡಿ ಕೂರಿಸಿದ ಕೈಮಗ್ಗ. ಕನ್ಯೆಯ ತಂದೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

“ತಪ್ಪು ತಿಳೀಬ್ಯಾಡ್ರಿ. ನೂಲು ಕೆಟ್ಟದ್ದು ಬಂತು, ಮುಂಜಾನೆಯಿಂದ ಹರಕೋಂತಽ ಐತಿ. ಮಗಳು ಹಾಸು ಕೆಚ್ಚಾಕ ಕುಂತಾಳ. ನಡುವಽ ಏಳಾಕ ಬರೂದಿಲ್ಲ. ಎರಡು ತಾಸು ಕುಂದರ್ರಿ, ಮುಗದ ಕೂಡಲೆ ಸೀರಿ ಉಟಕೊಂಡು ಬರ್ತಾಳ.”

ಮಗ್ಗದ ಮೇಲೆ ಹಳೆಯ ಹಾಸು, ಎಂದರೆ ಉದ್ದಕ್ಕೆ ಎಳೆದ ನೂಲು, ತೀರುತ್ತ ಬಂದಾಗ, ಅದರ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸುವ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿ ಹಿಡಿದು ಹೊಸೆಯಬೇಕು. ಎರಡು ಸಾವಿರ ಎಳೆ ಎಂದರೆ ಎರಡು ಸಾವಿರ ಸಲ. ನಡುವೆ ಬಿಟ್ಟು ಎದ್ದರೆ ಎಳೆಗಳು ಕಲೆತು ಎಲ್ಲ ಹಾಳು. ಆ ಮನೆಯಲ್ಲಿ ವರ ಬಂದರೂ ಸೈ, ಮಾಮಲೇದಾರ ಬಂದರೂ ಸೈ, ಕೆಚ್ಚಲು ಕುಳಿತವರು ಏಳುವ ರೂಢಿ ಇರಲಿಲ್ಲ. ಹೀಗಾಗಿ ನಾವು ಕನ್ಯೆಯನ್ನು ನೋಡಲು ಬಂದವರು ಮಗ್ಗದ ಸುತ್ತ ಕಂಬಳಿ ಹಾಸಿಕೊಂಡು ಕುಳಿತೆವು. ಎಳೆಗಳ ಆಚೆ ತಲೆ ಬಗ್ಗಿಸಿದ ಕನ್ಯೆಯ ಬೈತಲೆಯೂ ಬೂದಿ ಮೆತ್ತಿದ ಬೆರಳುಗಳೂ ಅಷ್ಟೇ ಕಾಣುತ್ತಿದ್ದವು.

ಎರಡು ತಾಸು, ಅದೂ ಎದುರಿಗೆ ಬಿಗಿಯಾಗಿ ಎಳೆದ ಎರಡು ಸಾವಿರ ದಾರ! ಲೈನ್ ಮಾಸ್ತರರ ಕಣ್ಣು ಆ ದಾರಗಳ ಮೇಲೆ ನಟ್ಟಿತ್ತು. ನಾನು ಅವರ ತೊಡೆ ಚಿವುಟಿದೆ. ಅವರು ಇನ್ನೊಂದು ಹರಳು ಬಾಯಿಗೆ ಹಾಕಿಕೊಂಡರು.

“ಸಾಲಿಗೆ ಸೇರಿ ಎಷ್ಟು ವರ್ಷ ಆತ್ರಿ?” ಎಂದ ಕನ್ಯೆಯ ತಂದೆ.

“ಹನ್ನೆರಡಾತ್ರಿ” ಎಂದೆ ನಾನು.

“ಹೊಲಾ ಮನಿ?”

“ಸಾವಳಗ್ಯಾಗ ನಾಕ ಎಕರೆ ಐತ್ರಿ” ಎಂದೆ ನಾನು.

ಕನ್ಯೆಯ ಸೋದರತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ಚೂಪು ಕಣ್ಣಿನ ಹೆಂಗಸು. “ವರ ಯಾರ್ರಿ ಖರೇನಂದ್ರ? ಇವರೋ ಅವರೋ?” ಎಂದಳು.

“ಅವರ್ರಿ. ನನಗ ಮದವಿ ಆಗೈತಿ, ಎರಡು ಮಕ್ಕಳದಾವು.”

“ಮತ್ತ ಅವರ ಗಲ್ಲ ಯಾಕ ಬಾತೈತಿ?”

“ಹಲ್ಲು... ಸ್ವಲ್ಪ” ಎಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಒಳಗೆ ಹೋದಳು. ಐದು ನಿಮಿಷ ಕಳೆದಿರಬೇಕು, ನಮ್ಮ ಬೆನ್ನ ಹಿಂದೆ ಹಿತ್ತಾಳೆಯ ಕೊಡವೊಂದು ಧಡಾರನೆ ಬಿತ್ತು. ನಾನು ಹಾರಿಬಿದ್ದೆ. ಲೈನ್ ಮಾಸ್ತರರೂ ಹಾರಿದರು, ಆದರೆ ಬಾಯಿ ತೆರೆಯಲಿಲ್ಲ. ಅವರ ತಾಯಿ ಮಾತ್ರ ರೆಪ್ಪೆ ಕೂಡ ಅಲುಗಿಸದೆ, ನಗುತ್ತ, ಮಗ್ಗವನ್ನು ನೋಡುತ್ತ ಕುಳಿತಿದ್ದರು. ಸೋದರತ್ತೆ ಕೊಡ ಎತ್ತಿಕೊಳ್ಳುತ್ತ, ಪರೀಕ್ಷೆ ಮುಗಿಸಿದ ಇನ್‌ಸ್ಪೆಕ್ಟರರ ಮುಖ ಮಾಡಿ ಅಣ್ಣನ ಕಡೆ ನೋಡಿದಳು.

“ತಾಯಿಗೆ ಕಿವಿ ಇಲ್ಲ, ಮಗಗ ಬಾಯಿ ಇಲ್ಲ. ಮನಿತನಾನಽ ಇಂಥಾದ್ದು ಯಣ್ಣಾ!”

ಕನ್ಯೆಯ ತಂದೆ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದ. “ಮಾಸ್ತರ, ದೇವರ ಮ್ಯಾಲ ಆಣಿ ಮಾಡಿ ಹೇಳ್ರಿ. ಅವರು ಮೂಗರೇನು?”

“ಅಯ್ಯ, ಇಲ್ರೀ! ಭಾಳ ಅಂದ್ರ ಭಾಳ ಮಾತಾಡ್ತಾರ. ಅದಕ್ಕಽ ಬಾಯಿ ಮುಚ್ಚಿ ಕುಂದರಿಸೇವಿ.”

ಅವರ ಬಾಯಿಯ ವಿಷಯದಲ್ಲಿ ಆ ದಿನ ನಾನು ಹೇಳಿದ ನಿಜ ಅದೊಂದೇ. ಅದನ್ನು ಆತ ನಂಬಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, “ಚಾ ಕುಡದು ಹೋಗ್ರಿ. ನಾ ಕಾಗದಾ ಬರೀತೇನಿ” ಎಂದ. ಕಾಗದ ಎಂದರೆ ಏನೆಂದು ಮೂರು ಊರಿನ ಅನುಭವದಿಂದ ನನಗೆ ಗೊತ್ತಿತ್ತು. ಮಾತಾಡಿ ಮೂರು ಕಳೆದುಕೊಂಡ ಮನುಷ್ಯ ನಾಲ್ಕನೆಯದನ್ನು ಮಾತಾಡದೆ ಕಳೆದುಕೊಂಡಿದ್ದರು. ಅದರ ಪಾಪ ಪೂರಾ ನನ್ನದು.

ಒಳಗೆ ಬಂದು ಏಳಿರಿ ಎಂದು ಸನ್ನೆ ಮಾಡಿದೆ. ಅವರಿಗೆ ತಿಳಿಯಿತು. ಗಲ್ಲದಲ್ಲಿ ಹರಳು ಇಟ್ಟುಕೊಂಡೇ ಎದ್ದು ನಿಂತರು. ತಾಯಿಯ ಕೈ ಹಿಡಿದು ಎಬ್ಬಿಸಿದರು. ಇನ್ನೇನು ಹೊಸ್ತಿಲಿಗೆ ಬಂದಿದ್ದೆವು, ಮಗ್ಗದ ಆಚೆಯಿಂದ ತಲೆ ಎತ್ತದೆಯೇ ಕನ್ಯೆ ಮಾತಾಡಿದಳು.

“ಅಪ್ಪಾ, ತಡಿ. ನಾನಽ ಕೇಳತೇನಿ. ರೀ ಮಾಸ್ತರ, ಇದಕ್ಕ ಇಂಗ್ಲೀಷಿನ್ಯಾಗ ಏನಂತಾರ್ರಿ?”

ಎರಡು ಬೆರಳಲ್ಲಿ ಒಂದು ಎಳೆ ಎತ್ತಿ ಹಿಡಿದಿದ್ದಳು.

ಜಗತ್ತಿನಲ್ಲಿ ಕೇಳಲು ಎಷ್ಟು ಪ್ರಶ್ನೆಗಳಿದ್ದವು! ನಾನು ಕಣ್ಣು ಮುಚ್ಚಿಕೊಂಡೆ. ಲೈನ್ ಮಾಸ್ತರರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಹರಳನ್ನು ಅಂಗೈಗೆ ಉಗುಳಿಕೊಂಡು, “ಥ್ರೆಡ್” ಎಂದರು. ಅಷ್ಟೇ ಅಂದು ಬಾಯಿ ಮುಚ್ಚಿಕೊಂಡರು. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಕೊಟ್ಟ ಮಾತಿಗೆ ಆ ಮನುಷ್ಯ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ.

“ಬರೇ ಅಷ್ಟಽ ಏನು?” ಎಂದಳು ಕನ್ಯೆ. “ಇನ್ನ ಆರನೂರ ಎಳಿ ಉಳದಾವು. ನನಗಂತೂ ಎದ್ದು ಹೋಗಾಕ ಬರೂದಿಲ್ಲ. ಹೇಳ್ರಿ.”

ಎದ್ದು ಹೋಗಲು ಬಾರದ ಮನುಷ್ಯರು! ಹನ್ನೆರಡು ವರ್ಷದಲ್ಲಿ ಅವರಿಗೆ ಅಂಥವರು ಒಬ್ಬರೂ ಸಿಕ್ಕಿರಲಿಲ್ಲ. ನಾನು ಕೋಟು ಹಿಡಿದು ಎಳೆದೆ. ಕೋಟು ನನ್ನ ಕೈಯಲ್ಲಿ ಉಳಿಯಿತು, ಅವರು ಹೋಗಿ ಮಗ್ಗದ ಅಂಚಿಗೆ ಕುಳಿತರು.

ಆಮೇಲಿನದನ್ನು ಏನು ಹೇಳಲಿ. ಅಗಸಿ ಬಂತು, ರೋಮು ಬಂತು, ಗೋಡೆ ಕಟ್ಟುವವನು, ಗಾಳದ ಮುದುಕ, ಪೊಲೀಸರ ಓಣಿ, ಪದ್ಯದ ಸಾಲು, ಟೆಲಿಫೋನು. “ಇವೆಲ್ಲಾದಕ್ಕೂ ತಾಯಿ ಯಾರು ಗೊತ್ತೈತೇನ್ರಿ? ನೀವು ಕೈಯಾಗ ಹಿಡದೀರಲ್ಲ, ಇಂಥಾದ್ದಽ ಒಂದು ಎಳಿ. ಇಂಗ್ಲೀಷರು ಭಾರೀ ದೊಡ್ಡಾವ್ರು ಅಂತಾರ, ಅವರ ಅರ್ಧ ಮಾತು ಮಗ್ಗದ ಮನ್ಯಾಗ ಹುಟ್ಟೇತಿ!” ಎಂದು ತೊಡೆ ತಟ್ಟಿದರು. ಮಿಸರದ ಹೆಣಗಳೂ ಬಂದವು. ಲೈನ್ ಶಬ್ದದ ದೂರದ ಸಂಬಂಧಿಯೊಂದು ಹೆಂಗಸರ ಒಳ ಉಡುಪಿನ ಇಂಗ್ಲಿಷ್ ಹೆಸರು. ಮಾತು ಆ ಕಡೆ ಹೊರಳಿದಾಗ ನಾನು ಅವರ ಕಾಲನ್ನು ಬಲವಾಗಿ ತುಳಿದೆ. ಸೋದರತ್ತೆ ಮೊದಲು ನಿಂತು ಕೇಳಿದಳು, ಆಮೇಲೆ ಕುಳಿತು ಕೇಳಿದಳು, ಆಮೇಲೆ ಗೋಡೆಗೆ ಒರಗಿ ನಿದ್ದೆ ಹೋದಳು. ಕನ್ಯೆಯ ತಂದೆ ಬಾಯಿ ತೆರೆದುಕೊಂಡು ನಿಂತಿದ್ದ. ಚಹಾ ಎರಡು ಸಲ ಬಂದು ಎರಡು ಸಲವೂ ಆರಿತು. ಕನ್ಯೆ ಒಮ್ಮೆಯೂ ತಲೆ ಎತ್ತಲಿಲ್ಲ.

ಕೊನೆಯ ಎಳೆ ಹೊಸೆದು ಮುಗಿಸಿ ಅವಳು ಬೆರಳಿನ ಬೂದಿ ಕೊಡವಿಕೊಂಡಳು. ತಗ್ಗಿನಿಂದ ಎದ್ದು, ಸೆರಗು ಸರಿ ಮಾಡಿಕೊಂಡು, ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದಳು.

“ಅಪ್ಪಾ, ಮೂಗರಲ್ಲ. ನನಗ ಒಪ್ಪಿಗಿ ಐತಿ.”

“ಅಲ್ಲಬೇ, ಇಷ್ಟು ಮಾತಾಡಾವರ ಕೂಡ ಹೆಂಗ ಬಾಳೇ ಮಾಡತಿ?” ಎಂದ ತಂದೆ. ಅವನಿಗೆ ಈಗ ಬೇರೆಯೇ ಭಯ ಹಿಡಿದಿತ್ತು.

“ಮಾತಾಡ್ಲಿ ಬಿಡು. ನನ್ನ ಕೈಗೆ ಹೆಂಗೂ ಕೆಲಸ ಇರತೈತಿ.”

ಲೈನ್ ಮಾಸ್ತರರ ತಾಯಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರ ಎದುರು ಕುಳಿತು ಕೈಸನ್ನೆ ಮಾಡಿ ನಾನೇ ತಿಳಿಸಿದೆ. ಮುದುಕಿ ನನ್ನ ಎರಡೂ ಗಲ್ಲ ಸವರಿ ಲಟಿಕೆ ಮುರಿದು, ಅವನ ಬಾಯಿ ಛಲೋ ಹಿಡಿದೆ ಯಪ್ಪಾ ಎಂದು ಹೊಗಳಿದರು.

ಮದುವೆಯಾಯಿತು. ಆ ಕನ್ಯೆ, ಅಂದಿನಿಂದ ನಮಗೆಲ್ಲ ಅಕ್ಕಾರು, ಬರುವಾಗ ಮಗ್ಗವನ್ನೂ ತಂದರು, ಬನಹಟ್ಟಿಯ ಆ ಸಣ್ಣ ಮನೆಯ ಮುಂದಿನ ಕೋಣೆಯಲ್ಲಿ ತಗ್ಗು ತೋಡಿಸಿದರು. ಓಣಿಯಲ್ಲಿ ಒಂದೊಂದೇ ಮನೆಗೆ ಕರೆಂಟಿನ ಮಗ್ಗ ಬಂದು ಕಿವಿ ಕಿತ್ತುಹೋಗುವ ಸದ್ದು ಶುರುವಾದ ಮೇಲೂ ಆ ಮನೆಯಲ್ಲಿ ಕೈಮಗ್ಗವೇ ಉಳಿಯಿತು. ಕರೆಂಟಿನ ಮಗ್ಗದ ಗದ್ದಲದಲ್ಲಿ ಮಾತು ಕೇ‌ಳಿಸುವುದಿಲ್ಲ ಎಂಬುದು ಮಾಸ್ತರರ ತಕರಾರು. ಆಮೇಲೆ ಅವರು ಸಂಜೆ ಗಂಟೆಯಾದ ಕೂಡಲೇ ಹುಡುಗರಿಗಿಂತ ಮೊದಲು ಶಾಲೆಯಿಂದ ಓಡುತ್ತಿದ್ದರು. ನಾನು ಸೈಕಲ್ ಹತ್ತುವಷ್ಟರಲ್ಲಿ ಕಾಣೆಯಾಗಿರುತ್ತಿದ್ದರು. ಒಂದೆರಡು ಸಲ ನನಗೇ ಬೇಸರವಾಯಿತು ಎಂದರೆ ನಂಬಬೇಕು.

ನಿವೃತ್ತಿಯಾಗಿ ಎರಡನೆಯ ವರ್ಷಕ್ಕೆ ತೀರಿಕೊಂಡರು. ಮುಂಜಾನೆ ಚಹಾ ಕುಡಿಯುತ್ತ, ಏನೋ ಹೇಳುತ್ತ ಹೇಳುತ್ತಲೇ ಹೋದರಂತೆ. ನಾನು ಮಗಳ ಮನೆಗೆಂದು ತುಬಚಿಗೆ ಹೋಗಿದ್ದೆ, ಮಣ್ಣು ಕೊಡಲು ಸಿಗಲಿಲ್ಲ. ಐದಾರು ದಿನ ಬಿಟ್ಟು ಮಾತಾಡಿಸಲು ಹೋದೆ. ಅಕ್ಕಾರು ಮಗ್ಗದ ಬದಿಗೆ ಕುಳಿತಿದ್ದರು. ಬಹಳ ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ.

“ಅಕ್ಕಾರ, ಅವತ್ತ ರಬಕವ್ಯಾಗ ಅಷ್ಟೊತ್ತು ಹೆಂಗ ಕೇಳಿದ್ರಿ? ನಿಮಗ ಅದೆಲ್ಲಾ ತಿಳೀತೇನು?”

ಅವರು ನಕ್ಕರು. ಅಳುವ ಮನೆಯಲ್ಲಿ ಅಂಥ ನಗುವನ್ನು ನಾನು ನಿರೀಕ್ಷಿಸಿರಲಿಲ್ಲ.

“ಯಾರು ಕೇಳಿದ್ರು, ತಮ್ಮಾ? ಒಂದು ಅಕ್ಷರ ತಿಳೀಲಿಲ್ಲ. ಇಷ್ಟ ವರ್ಷ ಬಾಳೇ ಮಾಡೇನಿ, ಇವತ್ತಿಗೂ ನನಗ ಅದು ತಿಳದಿಲ್ಲ. ನಾ ಎಳಿ ನೋಡಾಕತ್ತಿದ್ನಿ.”

“ಮತ್ತ ಒಪ್ಪಿಗಿ ಅಂದ್ರಲ್ಲ?”

“ನೂಲು ಕೆಟ್ಟದ್ದಿತ್ತು ಅವತ್ತ. ಕೈಯಾಗ ಹರದು ಹರದು ಬರತಿತ್ತು. ನಂದೊಂದು ಎಳಿ ಹರೀತಂದ್ರ ಅವರು ಮಾತು ಅಲ್ಲೇ ನಿಂದ್ರಸ್ತಿದ್ರು. ನಾ ಅದರ ತುದಿ ಹುಡಿಕಿ ಹೊಸೀತನಕ ಉಸರ ಹಿಡದು ಸುಮ್ನ ಕುಂದರ್ತಿದ್ರು. ಹೊಸದು ಮುಗೀತಂದ್ರ ಮತ್ತ ಮುಂದ ಹೇಳಾವ್ರು. ಯಾರೂ ಹೇಳಿದ್ದಿಲ್ಲ ಅವರಿಗೆ. ಎಷ್ಟು ಸಲ ಹರೀತೋ ಅಷ್ಟು ಸಲ ನಿಂದ್ರಸಿದ್ರು.”

ಆ ದಿನ ನಾನು ಅವರ ಮಗ್ಗುಲಲ್ಲೇ ಕುಳಿತಿದ್ದೆ. ಕೋಟು ಹಿಡಿದುಕೊಂಡು, ಕಾಲು ತುಳಿಯುತ್ತ, ಅವರ ಬಾಯನ್ನೇ ಕಾಯುತ್ತಿದ್ದೆ. ಅವರು ಅಷ್ಟು ಸಲ ಬಾಯಿ ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅಕ್ಕಾರು ಮಗ್ಗದ ಮೇಲಿನ ಎಳೆಗಳ ಮೇಲೆ ಅಂಗೈ ಆಡಿಸಿದರು.

“ಈಗ ನೋಡು, ಎಳಿ ಹರದ್ರೂ ಮನಿ ಸುಮ್ನ. ಹರೀದಿದ್ರೂ ಸುಮ್ನ.”